ಹಳಸಿದ ನಿಜಗಳು: ಅಂಗಡಿಯ ಕಂಪ್ಯೂಟರ್ ಕುರಿತು

(ಮಾರತ್ತಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸ ಅಂದರೆ ವಚನವೋ ಗಮಕವೋ ಇರುತ್ತದೆ ಎಂದುಕೊಂಡವನು ನಾನು. ಸ್ಕ್ರೂಡ್ರೈವರ್ ಹಿಡಿದು ಬದುಕಿದವನನ್ನು ಕರೆದಾಗ ಫೋನು ತಪ್ಪಿ ಬಂದಿರಬೇಕು ಅನ್ನಿಸಿತು. ಆಮೇಲೆ ತಿಳಿಯಿತು, ದತ್ತಿ ಇಟ್ಟವರ ಷರತ್ತೇ ಹಾಗಿದೆ: ವ್ಯಾಪಾರ ಮಾಡುವವರಿಗೆ ನಾಳೆ ಬೆಳಿಗ್ಗೆ ಉಪಯೋಗಕ್ಕೆ ಬರುವ ವಿಷಯವನ್ನು ಕನ್ನಡದಲ್ಲಿ ಹೇಳಬೇಕು. ಆ ಹಿರಿಯರು ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು. ಕೊನೆಯವರೆಗೂ ಅವರ ಲೆಕ್ಕ ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲೇ ಇತ್ತು. ಮಗ ಕಂಪ್ಯೂಟರ್ ತಂದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಇದಕ್ಕೆ ಗೆದ್ದಲು ಹಿಡಿಯುತ್ತಾ?" ಅದಕ್ಕೆ ನಾನು ಕೊನೆಗೆ ಬರುತ್ತೇನೆ.

ನಮ್ಮೂರಿನ ಹೆಸರಿನಿಂದಲೇ ಶುರು ಮಾಡೋಣ. ಎಚ್‌ಎಎಲ್‌ನವರು 'ಮಾರುತ್' ಅನ್ನುವ ಯುದ್ಧವಿಮಾನ ಮಾಡಿದರು, ಅದು ಇಲ್ಲಿ ಹಾರಿತು, ಅದಕ್ಕೇ ಮಾರತ್ತಹಳ್ಳಿ ಎಂದು ಹೆಸರು ಬಂತು ಅನ್ನುವ ಕತೆಯನ್ನು ನೀವೆಲ್ಲ ಕೇಳಿದ್ದೀರಿ. ಚೆನ್ನಾಗಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು ವಿನ್ಯಾಸ ಮಾಡಿದ ಎಚ್‌ಎಫ್-24 ಮಾರುತ್ ಮೊದಲ ಬಾರಿ ಹಾರಿದ್ದು 1961ರ ಜೂನ್ 17ರಂದು. ಊರು ಅದಕ್ಕೆ ಮುಂಚೆಯೇ ಇತ್ತು, ಹೆಸರೂ ಇತ್ತು. ಆದರೂ ಕತೆ ಸಾಯುವುದಿಲ್ಲ, ಯಾಕೆಂದರೆ ಅದರೊಳಗೆ ಅರ್ಧ ನಿಜ ಇದೆ: ವಿಮಾನ ನಿಜ, ಎಚ್‌ಎಎಲ್ ನಿಜ, ಪಕ್ಕದಲ್ಲೇ ಇರುವುದೂ ನಿಜ. ಕಂಪ್ಯೂಟರ್ ಬಗ್ಗೆ ನಾವು ನಂಬಿಕೊಂಡಿರುವ ತಪ್ಪುಗಳೂ ಇದೇ ಜಾತಿಯವು. ಅಪ್ಪಟ ಸುಳ್ಳಾಗಿದ್ದರೆ ಯಾವತ್ತೋ ಬಿದ್ದುಹೋಗುತ್ತಿದ್ದವು. ಬಹುಪಾಲು ಒಂದು ಕಾಲಕ್ಕೆ ನಿಜವಾಗಿದ್ದವು. ಹಾಲಿನ ಪೊಟ್ಟಣಕ್ಕೆ ತಾರೀಕು ಹಾಕುತ್ತಾರೆ, ತಿಳಿವಳಿಕೆಗೆ ಯಾರೂ ಹಾಕುವುದಿಲ್ಲ. ಇವತ್ತು ನಾನು ಮಾಡಹೊರಟಿರುವುದು ಆ ತಾರೀಕು ಹಚ್ಚುವ ಕೆಲಸ.

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕೋಣೆಗೆ ಹೋಗುವಾಗ ಚಪ್ಪಲಿ ಬಿಡಬೇಕಿತ್ತು. ದೇವರ ಮನೆಗೂ ಅದಕ್ಕೂ ವ್ಯತ್ಯಾಸ ಏನೆಂದರೆ ಕಂಪ್ಯೂಟರ್ ಕೋಣೆಯಲ್ಲಿ ಎಸಿ ಇರುತ್ತಿತ್ತು. ಅದು ಮೂಢನಂಬಿಕೆ ಏನಲ್ಲ. 1980ರ ದಶಕದ ಶುರುವಿನಲ್ಲಿ ವಿಪ್ರೊ ಮಿನಿ ಕಂಪ್ಯೂಟರ್ ತಯಾರಿಸತೊಡಗಿದ ಕಾಲದ ಯಂತ್ರಗಳು ಬೀರುವಿನಷ್ಟು ದೊಡ್ಡವು. ತಂಪು ಬೇಕಿತ್ತು, ಧೂಳು ಆಗುತ್ತಿರಲಿಲ್ಲ. ಇವತ್ತಿನ ಅಂಗಡಿ ಕಂಪ್ಯೂಟರಿಗೆ ಎಸಿ ಬೇಡ, ಉಸಿರಾಡಲು ಜಾಗ ಬೇಕು. ಆದರೆ ನಾವು ಮಾಡುವುದೇನು? ಚಪ್ಪಲಿ ಬಿಡುವುದನ್ನು ನಿಲ್ಲಿಸಿದೆವು, ಡಬ್ಬವನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಮರದ ಗೂಡಿಗೆ ತುರುಕಿ, ಮುಂದೆ ಅಕ್ಕಿ ಮೂಟೆ ಇಟ್ಟೆವು. ಆ ಡಬ್ಬಕ್ಕೆ ಎಲ್ಲರೂ 'ಸಿಪಿಯು' ಅನ್ನುತ್ತಾರೆ. ನಿಜವಾದ ಸಿಪಿಯು ಒಳಗಿರುವ ಬಿಸ್ಕತ್ತಿನಷ್ಟು ದೊಡ್ಡ ಚಿಪ್ಪು. ತಿದ್ದುವುದನ್ನು ನಾನು ಬಿಟ್ಟು ಎಷ್ಟೋ ವರ್ಷವಾಯಿತು.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಸುತ್ತ ಗಾಜಿನ ಕಟ್ಟಡಗಳಿವೆ. ಅತ್ತ ಐಟಿಪಿಎಲ್, ಇತ್ತ ಬೆಳ್ಳಂದೂರು. 1976ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್, ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರದ ಕಡೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ಇದನ್ನೆಲ್ಲ ನೋಡಿ ಇಲ್ಲಿಯ ಅಂಗಡಿಯವರಿಗೆ ಒಂದು ಅಳುಕು: ಕಂಪ್ಯೂಟರ್ ಅಂದರೆ ಅವರದ್ದು, ನಾವು ಸುಮ್ಮನೆ ಬಿಲ್ ಹೊಡೆಯುವವರು. ಆದರೆ ದೇಶದ ಸಣ್ಣ ವ್ಯಾಪಾರಿಗಳೆಲ್ಲ ದಿನಾ ತೆರೆಯುವ ಟ್ಯಾಲಿ ಹುಟ್ಟಿದ್ದು ಒಬ್ಬ ವ್ಯಾಪಾರಿಯ ತಲೆನೋವಿನಿಂದ. ಶ್ಯಾಮ್ ಸುಂದರ್ ಗೋಯಂಕಾ ಅವರದ್ದು ಗಿರಣಿಗಳಿಗೆ ಕಚ್ಚಾಮಾಲು, ಯಂತ್ರದ ಬಿಡಿಭಾಗ ಪೂರೈಸುವ ವ್ಯವಹಾರ. ಅವರ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ "ನೀನೇ ಬರಿ" ಅಂದರು. 1986ರಲ್ಲಿ ಬೆಂಗಳೂರಿನಲ್ಲೇ ಕಂಪನಿ ಶುರುವಾಯಿತು, ಆಗಿನ ಹೆಸರು ಪ್ಯೂಟ್ರಾನಿಕ್ಸ್. 2020ರಲ್ಲಿ ಭರತ್ ಗೋಯಂಕಾ ಅವರಿಗೆ ಪದ್ಮಶ್ರೀ ಬಂತು. ಆದ್ದರಿಂದ ಅಳುಕುವುದು ಬೇಡ. ಆದರೆ ಕೊಳ್ಳಲು ಹೋದಾಗ ಕಣ್ಣು ತೆರೆದಿರಲಿ.

ಎಸ್.ಪಿ. ರಸ್ತೆಗೆ ಹೋಗಿದ್ದೀರಲ್ಲ, ಟೌನ್‌ಹಾಲ್ ಹತ್ತಿರ? ಅಲ್ಲಿಗೆ ಕಾಲಿಟ್ಟರೆ ಕಿವಿಗೆ ಬೀಳುವ ಮೊದಲ ಮಾತು "ಐ ಸೆವೆನ್ ಸಾರ್, ಐ ಸೆವೆನ್." ಗಾಜಿನ ಕಟ್ಟಡಗಳಿಂದ ಗುತ್ತಿಗೆ ಮುಗಿದು ಹೊರಬಿದ್ದ ಯಂತ್ರಗಳು ಅಲ್ಲಿಗೆ ಬರುತ್ತವೆ. ಅವು ಗಟ್ಟಿಮುಟ್ಟು, ಸೆಕೆಂಡ್ ಹ್ಯಾಂಡ್ ಅಂದರೆ ಕೆಟ್ಟದ್ದು ಅನ್ನುವುದು ಒಂದು ತಪ್ಪು ತಿಳಿವಳಿಕೆ. ಆಫೀಸಿಗೆಂದು ಮಾಡಿದ ಹಳೆಯ ಡೆಸ್ಕ್‌ಟಾಪು, ಮನೆಗೆಂದು ಮಾಡಿದ ಅಗ್ಗದ ಹೊಸ ಲ್ಯಾಪ್‌ಟಾಪಿಗಿಂತ ಎಷ್ಟೋ ಸಲ ಹೆಚ್ಚು ಬಾಳುತ್ತದೆ. ಮೋಸ ಇರುವುದು ಆ ಏಳರ ಅಂಕಿಯಲ್ಲಿ. 2011ರಲ್ಲಿ ಬಂದ ಎರಡನೇ ತಲೆಮಾರಿನ ಐ7ಗಿಂತ 2022ರಲ್ಲಿ ಬಂದ ಹನ್ನೆರಡನೇ ತಲೆಮಾರಿನ ಐ3 ವೇಗದಲ್ಲಿ ಬಹಳ ಮುಂದೆ. ಮೂರು, ಐದು, ಏಳು ಅನ್ನುವುದು ಒಂದೇ ವರ್ಷದ ಅಣ್ಣತಮ್ಮಂದಿರ ನಡುವಿನ ದರ್ಜೆ. ತಾತನ ಕಾಲದ ಪೈಲ್ವಾನನನ್ನೂ ಮೊಮ್ಮಗನನ್ನೂ ಅದೇ ಅಂಕಿಯಿಂದ ತೂಗಬಾರದು. ಹೀಗಾಗಿ ಮಾರುವವನನ್ನು ಕೇಳಬೇಕಾದ ಪ್ರಶ್ನೆ "ಎಷ್ಟನೇ ಜನರೇಷನ್?" ಎಂಟಕ್ಕಿಂತ ಕೆಳಗಾದರೆ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ.

ಗಿಗಾಹರ್ಟ್ಸ್ ಹುಚ್ಚೂ ಇದೇ ಥರದ್ದು. ಪೆಂಟಿಯಮ್ 4ರ ಕಾಲದಲ್ಲಿ ಅಂಕಿ ಏರಿದಷ್ಟು ವೇಗ ಏರುತ್ತಿತ್ತು. 2004ರ ಅಕ್ಟೋಬರಿನಲ್ಲಿ ಇಂಟೆಲ್‌ನವರು ನಾಲ್ಕು ಗಿಗಾಹರ್ಟ್ಸ್ ಪೆಂಟಿಯಮ್ಮನ್ನು ಕೈಬಿಟ್ಟರು. ಆ ಓಟ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಕೆಲವರು ಇನ್ನೂ ಓಡುತ್ತಲೇ ಇದ್ದಾರೆ.

ಹಾಗಾದರೆ ಅಂಗಡಿಗೆ ಬೇಕಾದ್ದೇನು? ಟ್ಯಾಲಿ, ಜಿಎಸ್‌ಟಿ ಪೋರ್ಟಲ್, ನಾಲ್ಕು ವಾಟ್ಸ್ಆ್ಯಪ್ ಆರ್ಡರು, ಬ್ಯಾಂಕಿನ ಪುಟ. ಇದಕ್ಕೆ ಎಂಟು ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ ಸಾಕು. ಎಸ್‌ಎಸ್‌ಡಿ ಮಾತ್ರ ಬಿಡಬೇಡಿ. ಹಳೆಯ ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಜಾಗ ಮುಳ್ಳಿನ ಕೆಳಗೆ ಬರುವ ತನಕ ಅದು ಕಾಯಬೇಕು; ಮುಳ್ಳು ಅತ್ತಿಂದಿತ್ತ ಓಡಬೇಕು. ಹತ್ತು ಸಾವಿರ ಚಿಕ್ಕ ಫೈಲು ತೆರೆಯುವಾಗ ಈ ಕಾಯುವಿಕೆಯೇ ನಿಮ್ಮ ಗಿರಾಕಿಯ ಕಾಯುವಿಕೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. "ಕಂಪ್ಯೂಟರ್ ತುಂಬ ಹಳೇದಾಯ್ತು, ಎಸೆದುಬಿಡ್ತೀನಿ" ಎಂದು ಬಂದವರಲ್ಲಿ ಅರ್ಧಕ್ಕರ್ಧ ಮಂದಿಗೆ ನಾನು ಮಾಡಿರುವುದು ಇದೊಂದೇ ಬದಲಾವಣೆ. ಇನ್ನು ಮುಟ್ಟಿ ನೋಡಬೇಕಾದ್ದು ಕೀಬೋರ್ಡು. ದಿನಕ್ಕೆ ಇನ್ನೂರು ಬಿಲ್ಲು ಹೊಡೆಯುವ ಹುಡುಗಿಯ ಬೆರಳಿಗೆ ಟಿವಿಎಸ್ ಗೋಲ್ಡ್‌ನ ಟಕಟಕ ಕೊಡುವ ಸುಖ, ಐ7 ಕೊಡುವುದಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಳೆಯದು ಎಂದು ನಗಬೇಡಿ. ಮೂರು ಹಾಳೆಯ ಕಾರ್ಬನ್ ಪ್ರತಿಗೆ ಒತ್ತಿ ಬರೆಯುವ ಸೂಜಿಯೇ ಬೇಕು, ಲೇಸರ್ ಎಷ್ಟೇ ದುಬಾರಿಯಾದರೂ ಎರಡನೇ ಹಾಳೆಗೆ ಇಳಿಯುವುದಿಲ್ಲ. ಲಾರಿ ಆಫೀಸಿನವರನ್ನು ಕೇಳಿ.

ಕರೆಂಟಿನ ವಿಷಯಕ್ಕೆ ಬರುತ್ತೇನೆ. "ಸಾರ್, ಸಿಪಿಯು ಮುಟ್ಟಿದರೆ ಜುಮ್ ಅನ್ನುತ್ತೆ, ಶಾಕ್ ಹೊಡೆಯೋ ಕಂಪ್ಯೂಟರ್ ಕೊಟ್ಟಿದ್ದೀರಾ" ಎಂದು ಒಬ್ಬರು ಮೂರು ಸಲ ಡಬ್ಬ ಹೊತ್ತು ತಂದಿದ್ದರು. ನನ್ನ ಅಂಗಡಿಯಲ್ಲಿ ಹಾಕಿದರೆ ಜುಮ್ ಇಲ್ಲ. ನಾಲ್ಕನೇ ಸಲ ನಾನೇ ಅವರ ಅಂಗಡಿಗೆ ಹೋದೆ. ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಪಿನ್ ಕತ್ತರಿಸಿ, ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದ್ದರು. ಆ ದಪ್ಪ ಪಿನ್ನೇ ಅರ್ಥ್. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಕರೆಂಟಿನ ಗದ್ದಲ ಸೋಸುವ ಪುಟ್ಟ ಕೆಪಾಸಿಟರುಗಳಿರುತ್ತವೆ. ಅವು ಸೋರುವ ಚೂರು ಕರೆಂಟು ಅರ್ಥ್ ತಂತಿಯಲ್ಲಿ ಇಳಿದುಹೋಗಬೇಕು. ದಾರಿ ಇಲ್ಲದಿದ್ದರೆ ಡಬ್ಬದ ಮೈಮೇಲೆ 230 ವೋಲ್ಟಿನ ಅರ್ಧದಷ್ಟು, ಸುಮಾರು 115 ವೋಲ್ಟು ನಿಂತಿರುತ್ತದೆ. ಕರೆಂಟು ಅತ್ಯಲ್ಪವಾದ್ದರಿಂದ ಜುಮ್ ಅನ್ನುತ್ತದೆ ಅಷ್ಟೆ. ಆದರೆ ಆ ಡಬ್ಬಕ್ಕೆ ಪ್ರಿಂಟರ್ ಕೇಬಲ್ ಚುಚ್ಚುವಾಗ ಪೋರ್ಟು ಸುಟ್ಟುಹೋಗಬಹುದು. ಇದಕ್ಕೆ ಔಷಧ ನನ್ನ ಹತ್ತಿರ ಇಲ್ಲ, ಎಲೆಕ್ಟ್ರಿಷಿಯನ್ ಹತ್ತಿರ ಇದೆ.

ಯುಪಿಎಸ್ ಕುರಿತು ಒಂದೇ ಮಾತು. ಡಬ್ಬದ ಮೇಲೆ 600 ವಿಎ ಎಂದಿರುತ್ತದೆ, ಅದು ಸಾಮಾನ್ಯವಾಗಿ 360 ವ್ಯಾಟ್. ಒಳಗೆ 12 ವೋಲ್ಟು, 7 ಆಂಪಿಯರ್ ಅವರ್ ಬ್ಯಾಟರಿ. ಬಿಲ್ಲು ಮುಗಿಸಿ, ಸೇವ್ ಮಾಡಿ, ಆಫ್ ಮಾಡಲು ಅಷ್ಟು ಸಾಕು. ಬೆಸ್ಕಾಂನವರು ಬರುವ ತನಕ ವ್ಯಾಪಾರ ನಡೆಸಲಿಕ್ಕಲ್ಲ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಿದರೆ ಇನ್ನೂ ಬೇಗ.

ಈಗ ನಿಮ್ಮೆಲ್ಲರ ಅಭ್ಯಾಸವೊಂದನ್ನು ಕೆಣಕುತ್ತೇನೆ. ಕಂಪ್ಯೂಟರ್ ಆನ್ ಆದ ಕೂಡಲೇ ಬಲ ಗುಂಡಿ ಒತ್ತಿ ರಿಫ್ರೆಶ್, ರಿಫ್ರೆಶ್, ರಿಫ್ರೆಶ್. ಜಪ ಮಾಡಿದ ಹಾಗೆ ಹತ್ತು ಸಲ. (ನಗುತ್ತಿದ್ದೀರಿ, ಅಂದರೆ ಮಾಡುತ್ತೀರಿ.) ಅದರಿಂದ ಪರದೆಯ ಮೇಲಿನ ಚಿತ್ರಗಳು ಮತ್ತೊಮ್ಮೆ ಮೂಡುತ್ತವೆ, ಮತ್ತೇನೂ ಆಗುವುದಿಲ್ಲ. ಚದುರಿದ ಫೈಲುಗಳನ್ನು ಒಟ್ಟುಮಾಡುವ 'ಡಿಫ್ರಾಗ್' ನಡೆಸುವ ಹಿರಿಯರೂ ಇಲ್ಲಿರಬಹುದು. ತಿರುಗುವ ತಟ್ಟೆಯ ಕಾಲಕ್ಕೆ ಅದು ಒಳ್ಳೆಯ ಅಭ್ಯಾಸ, ಎಸ್‌ಎಸ್‌ಡಿಗೆ ಬರೀ ಸವೆತ. ಇನ್ನು "ನಾನು ದಿನಾ ರಾತ್ರಿ ಶಟ್‌ಡೌನ್ ಮಾಡ್ತೀನಿ, ಆದರೂ ಎಳೀತಾ ಇದೆ" ಅನ್ನುವವರಿಗೆ: 2012ರ ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೆ ಅರೆನಿದ್ದೆ. ಬೇಗ ಏಳಲೆಂದು ಒಳಗಿನ ಮುಖ್ಯ ಭಾಗವನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ಕಸವೂ ಜೊತೆಗೇ ಬರುತ್ತದೆ. ಪೂರ್ತಿ ಹೊಸದಾಗಿ ಏಳಬೇಕಾದರೆ ರಿಸ್ಟಾರ್ಟ್ ಒತ್ತಬೇಕು. ತಲೆಕೆಳಗಾದ ಲೋಕ.

ಒಂದು ಬ್ಯಾಟರಿಯ ಕತೆ ಹೇಳುತ್ತೇನೆ. ತಿಂಗಳ ಇಪ್ಪತ್ತನೇ ತಾರೀಕು, ಜಿಎಸ್‌ಟಿಆರ್-3ಬಿ ಕಟ್ಟುವ ಕೊನೆಯ ದಿನ. ಮುನ್ನೇಕೊಳಾಲದಲ್ಲಿ ಬಿಡಿಭಾಗದ ಅಂಗಡಿ ಇಟ್ಟಿರುವ ಅಣ್ಣನೊಬ್ಬನ ಫೋನು: "ಪೋರ್ಟಲ್ ಬಿದ್ದೋಗಿದೆ ಗುರು, ಬ್ಯಾಂಕೂ ತೆಗೀತಿಲ್ಲ, ಎಲ್ಲಾ ಕಡೆ ಸೆಕ್ಯೂರ್ ಅಲ್ಲ ಅಂತಿದೆ, ವೈರಸ್ ಬಂದಿರಬೇಕು." ಅಷ್ಟರಲ್ಲಿ ಅವನು ಮೋಡೆಮ್ ಬದಲಿಸಿದ್ದ, ಇಂಟರ್‌ನೆಟ್ಟಿನವನ ಜೊತೆ ಜಗಳ ಆಡಿದ್ದ, ಎರಡು ಆ್ಯಂಟಿವೈರಸ್ ಹಾಕಿದ್ದ. ಅವೆರಡೂ ಒಂದನ್ನೊಂದು ಕಳ್ಳನೆಂದು ಹಿಡಿಯಲು ಹೋಗಿ ಕಂಪ್ಯೂಟರನ್ನು ಮಲಗಿಸಿದ್ದವು. ನಾನು ಹೋಗಿ ನೋಡಿದ್ದು ಪರದೆಯ ಬಲ ಮೂಲೆ. ಅಲ್ಲಿ ತಾರೀಕು ಹತ್ತಾರು ವರ್ಷ ಹಿಂದೆ, ಜನವರಿ ಒಂದು. ವೆಬ್‌ಸೈಟುಗಳ ಪ್ರಮಾಣಪತ್ರಕ್ಕೆ ಇಂತಿಷ್ಟು ದಿನದಿಂದ ಇಂತಿಷ್ಟು ದಿನದವರೆಗೆ ಎಂದು ಅವಧಿ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ನಂಬಲಿಲ್ಲ. ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಹೆಸರು ಸಿಆರ್2032. ಅಗಲ 20 ಮಿಲಿಮೀಟರ್, ದಪ್ಪ 3.2, ಹೆಸರಲ್ಲೇ ಅಳತೆ ಇದೆ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದು. ಕೆಲವು ವರ್ಷಕ್ಕೆ ಮುಗಿಯುತ್ತದೆ. ಪಕ್ಕದ ವಾಚಿನ ಅಂಗಡಿಯಲ್ಲಿ ಸಿಕ್ಕಿತು. ಹಾಕಿ ತಾರೀಕು ಸರಿ ಮಾಡಿದ ಮೇಲೆ ಪೋರ್ಟಲ್ ತೆರೆದುಕೊಂಡಿತು. ಅಣ್ಣ ನನ್ನನ್ನು ಸ್ವಲ್ಪ ಹೊತ್ತು ಅನುಮಾನದಿಂದ ನೋಡಿದ. ಇಷ್ಟು ಚಿಕ್ಕ ವಸ್ತುವಿಗೆ ದುಡ್ಡು ಕೇಳುವುದು ಹೇಗೆಂದು ನನಗೂ ತಿಳಿಯಲಿಲ್ಲ. ಕಾಫಿ ಕುಡಿಸಿದ.

ಈಗ ನೀರಿನ ಕತೆ. 2022ರ ಸೆಪ್ಟೆಂಬರ್ 4ರ ಭಾನುವಾರ ರಾತ್ರಿಯನ್ನು ಈ ಸಭೆಯಲ್ಲಿ ಯಾರೂ ಮರೆತಿಲ್ಲ. ಬೆಳಗಾಗುವಷ್ಟರಲ್ಲಿ ನಗರದಲ್ಲಿ 131 ಮಿಲಿಮೀಟರ್ ಮಳೆ. ಔಟರ್ ರಿಂಗ್ ರಸ್ತೆ ಕೆರೆ, ಯಮಲೂರಿನ ಕಡೆ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಅದು ದೇಶಕ್ಕೆಲ್ಲ ಸುದ್ದಿಯಾಯಿತು. ನೆಲಮಾಳಿಗೆಯ ಅಂಗಡಿಗಳು ಸುದ್ದಿಯಾಗಲಿಲ್ಲ. ಸೋಮವಾರ ಮಧ್ಯಾಹ್ನ ನನ್ನ ಬಾಗಿಲಿಗೆ ಒಬ್ಬರು ಬಂದರು. ಸಗಟು ಬಟ್ಟೆ ವ್ಯಾಪಾರ. ಪಂಚೆ ಮೊಣಕಾಲ ಮೇಲಕ್ಕೆ ಕಟ್ಟಿದ್ದರು. ಎದೆಗವಚಿಕೊಂಡ ಡಬ್ಬದಿಂದ ಕಂದು ನೀರು ಅವರ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಗುವನ್ನು ಆಸ್ಪತ್ರೆಗೆ ತಂದ ಹಾಗೆ. ನಾನು ಕೇಳಿದೆ, "ಬ್ಯಾಕಪ್ ಇದೆಯಾ ಯಜಮಾನರೇ?" ಅವರ ಮುಖ ಅರಳಿತು. "ಇದೆ ಇದೆ, ದಿನಾ ತಗೋತೀನಿ. ಡಿ ಡ್ರೈವಲ್ಲಿ."

ಈ ಒಂದು ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಿ ಡ್ರೈವು, ಡಿ ಡ್ರೈವು ಅನ್ನುವುದು ಒಂದೇ ಡಿಸ್ಕಿನೊಳಗೆ ಎಳೆದ ಗೆರೆ. ಒಂದೇ ಬೀರುವಿನ ಎರಡು ಖಾನೆ. ಇದಕ್ಕೂ ಒಂದು ಹಳೆಯ ನಿಜ ಇತ್ತು. ಆಗೆಲ್ಲ ವಿಂಡೋಸ್ ಕೆಟ್ಟರೆ ಸಿ ಒರೆಸಿ ಮತ್ತೆ ಹಾಕುತ್ತಿದ್ದೆವು, ಡಿಯಲ್ಲಿದ್ದದ್ದು ಉಳಿಯುತ್ತಿತ್ತು. ಆ ಕಾಲದಲ್ಲಿ "ಮುಖ್ಯವಾದ್ದನ್ನೆಲ್ಲ ಡಿಯಲ್ಲಿಡಿ" ಎಂದು ಹೇಳಿಕೊಟ್ಟವನು ನಾನೇ. ಆ ಯಜಮಾನರಿಗೂ ನಾನೇ ಹೇಳಿದ್ದಿರಬಹುದು. ಕೇಳುವ ಧೈರ್ಯ ಆಗಲಿಲ್ಲ.

ಅವರ ಮಗ ಅಂಗಡಿಯಿಂದ ಹೊರಡುವ ಮುಂಚೆ ಡಿಸ್ಕನ್ನು ಬಿಚ್ಚಿ ಅಕ್ಕಿ ಡಬ್ಬಕ್ಕೆ ಹಾಕಬೇಕೆಂದಿದ್ದನಂತೆ. ಪುಣ್ಯಕ್ಕೆ ಅಕ್ಕಿಯೂ ನೆನೆದಿತ್ತು. ಮುಳುಗಿದ ಹಾರ್ಡ್‌ಡಿಸ್ಕಿಗೆ ಅಕ್ಕಿ, ಬಿಸಿಲು, ಕೂದಲು ಒಣಗಿಸುವ ಯಂತ್ರ ಯಾವುದೂ ಬೇಡ. ಅದರ ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಮೊನೆಯಷ್ಟು ರಂಧ್ರ ಇರುತ್ತದೆ, ನೀರು ಅಲ್ಲಿಂದ ಒಳಗೆ ಹೋಗಿರುತ್ತದೆ. ಒಣಗಿದರೆ ಕೆಸರಿನ ಪುಡಿ ತಟ್ಟೆಗೆ ಅಂಟುತ್ತದೆ. ಆನ್ ಮಾಡಿದಿರೋ, ಮುಳ್ಳು ಆ ಪುಡಿಯ ಮೇಲೆ ಉಜ್ಜಿಕೊಂಡು ಓಡಿ ತಟ್ಟೆಯನ್ನೇ ಗೀಚುತ್ತದೆ. ಒದ್ದೆಯಾಗಿದ್ದ ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಡೇಟಾ ರಿಕವರಿಯವರಿಗೆ ಕಳಿಸಿದೆವು. ಹದಿನೆಂಟು ದಿನದ ಮೇಲೆ ಮುಕ್ಕಾಲು ಭಾಗ ಸಿಕ್ಕಿತು. ಅವರು ಕೊಟ್ಟ ದುಡ್ಡಿನಲ್ಲಿ ಎರಡು ಹೊಸ ಕಂಪ್ಯೂಟರ್ ಬರುತ್ತಿದ್ದವು. ಸಿಗದ ಕಾಲು ಭಾಗದಲ್ಲಿ ಯಾರ್‍ಯಾರು ಎಷ್ಟು ಬಾಕಿ ಕೊಡಬೇಕು ಅನ್ನುವ ಪಟ್ಟಿ ಇತ್ತು. ಬಾಕಿ ಇದ್ದವರು ತಾವಾಗಿ ಬಂದು ಹೇಳಿದರೇ ಎಂದು ನೀವು ಕೇಳಬೇಡಿ.

ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟಿರಬೇಕು. ಆರು ವರ್ಷ. ಅಷ್ಟು ಬಾಳುತ್ತದೆ ಎಂದು ಯಾವ ಡಿಸ್ಕೂ ಮಾತು ಕೊಡುವುದಿಲ್ಲ. ವಾರಂಟಿ ಇದೆಯಲ್ಲ ಅನ್ನುತ್ತೀರಿ. ವಾರಂಟಿ ತಟ್ಟೆಗೆ, ಅದರ ಮೇಲಿನ ಊಟಕ್ಕಲ್ಲ. ವಾರ್ಷಿಕ ನಿರ್ವಹಣೆಯ ಎಎಂಸಿಯೂ ಅಷ್ಟೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ತಮ್ಮ ಫೋಟೊ ಉಳಿಸಿಕೊಳ್ಳುವ ಸಲುವಾಗಿ ಹೇಳಿದ ಒಂದು ಲೆಕ್ಕ ಈಗ ಎಲ್ಲರಿಗೂ ಸೂತ್ರವಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಬೇರೆ ಕಟ್ಟಡ ಅಂದರೆ ನಿಮ್ಮ ಮನೆ. ಸಂಜೆ ಪೆನ್ ಡ್ರೈವಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಬೆಳಿಗ್ಗೆ ತನ್ನಿ. ಎರಡು ಇರಲಿ, ಒಂದು ದಿನ ಬಿಟ್ಟು ಒಂದು. ಕಂಪ್ಯೂಟರಿಗೇ ಚುಚ್ಚಿಟ್ಟ ಪೆನ್ ಡ್ರೈವು ಬಾಗಿಲಿನಲ್ಲೇ ನೇತುಹಾಕಿದ ಬೀಗದಕೈ. ಗೂಗಲ್ ಡ್ರೈವ್ ಒಳ್ಳೆಯದೇ, ಆದರೆ ಅದು ಕನ್ನಡಿ; ಇಲ್ಲಿ ಫೈಲು ಹಾಳಾದರೆ ಅಲ್ಲಿಯೂ ಹಾಳಾದದ್ದೇ ಕಾಣುತ್ತದೆ. ಹಳೆಯ ಆವೃತ್ತಿಯನ್ನು ಹಿಂದಕ್ಕೆ ಪಡೆಯುವುದು ಹೇಗೆಂದು ಒಮ್ಮೆ ಮಾಡಿ ನೋಡಿ ಇಟ್ಟುಕೊಳ್ಳಿ.

ಹಳೆಯ ವಿಂಡೋಸ್ ವಿಚಾರ. ಈ ಭಾಗದಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವವರ ಬಳಿ ಇನ್ನೂ ವಿಂಡೋಸ್ ಎಕ್ಸ್‌ಪಿ, ಅದರಲ್ಲಿ 2001ರ ಪೇಜ್‌ಮೇಕರ್ 7, ನುಡಿಯ ಹಳೆಯ ಫಾಂಟು. ನನಗೆ ಅವರ ಮೇಲೆ ಗೌರವ. ಇಪ್ಪತ್ತು ವರ್ಷದ ಕನ್ನಡ ಪುಟಗಳು ಅದರಲ್ಲಿವೆ. ಯೂನಿಕೋಡಿಗೆ ತಂದರೆ ಒತ್ತಕ್ಷರ ಚದುರುತ್ತವೆ. ಅಂಥ ಯಂತ್ರವನ್ನು ಬಿಸಾಡಿ ಎಂದು ನಾನು ಹೇಳುವುದಿಲ್ಲ. ಅದರ ನೆಟ್ ತಂತಿಯನ್ನು ಕಿತ್ತುಬಿಡಿ ಅನ್ನುತ್ತೇನೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ರಕ್ಷಣೆ ನಿಂತಿದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. "ಅಪ್‌ಡೇಟ್ ಮಾಡಿದ್ರೆ ಸ್ಲೋ ಆಗುತ್ತೆ, ಆಫ್ ಮಾಡಿಸಿದ್ದೀನಿ" ಅನ್ನುವವರಿಗೆ 2017ರ ಮೇ 12 ನೆನಪಿಸಬೇಕು. ಅಂದು ವನ್ನಾಕ್ರೈ ಬಂದು ಜಗತ್ತಿನ ಕಂಪ್ಯೂಟರುಗಳ ಫೈಲಿಗೆ ಬೀಗ ಹಾಕಿ ಹಣ ಕೇಳಿತು. ಅದಕ್ಕೆ ಬೇಕಿದ್ದ ತೇಪೆ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲೇ ಬಂದಿತ್ತು. ಹೆಚ್ಚಾಗಿ ಸಿಕ್ಕಿಬಿದ್ದವು ಎಕ್ಸ್‌ಪಿಗಳಲ್ಲ, ತೇಪೆ ಹಾಕಿಸಿಕೊಳ್ಳದ ವಿಂಡೋಸ್ 7.

"ವಿಂಡೋಸ್ ಒರಿಜಿನಲ್ ಹಾಕ್ಲಾ, ಮಾಮೂಲಾ?" ಈ ಪ್ರಶ್ನೆ ನಮ್ಮ ಕಸುಬಿನಲ್ಲಿ ಬಹುಕಾಲ ಇತ್ತು. ನಾನೇನೂ ಸಾಚಾ ಅಲ್ಲ, ನಾನೂ ಕೇಳಿದವನೇ. ಬೀಗ ಒಡೆದು ಕೊಟ್ಟವನು ಬಾಗಿಲ ಹಿಂದೆ ತನ್ನದೊಂದು ಕೀಲಿ ಇಟ್ಟುಕೊಂಡಿರುತ್ತಾನೆ ಎಂದು ಅರ್ಥವಾಗಲು ನನಗೆ ಸಮಯ ಹಿಡಿಯಿತು. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರಕ್ಕೆ ಮಾಮೂಲು ಬೇಡ. ಹಾಗೆಯೇ ದೂರದಿಂದ ರಿಪೇರಿ ಮಾಡುತ್ತೇನೆಂದು ಎನಿಡೆಸ್ಕ್ ಹಾಕಿಸಿದವನು ಕೆಲಸ ಮುಗಿಸಿದ ಮೇಲೆ ಅದನ್ನು ತೆಗೆಸಿ. 2019ರಲ್ಲೇ ರಿಸರ್ವ್ ಬ್ಯಾಂಕ್ ಇದರ ಬಗ್ಗೆ ಎಚ್ಚರಿಸಿತ್ತು. ದುಡ್ಡು ಹೋಯಿತೋ, ಕೂಡಲೇ ಸೈಬರ್ ಸಹಾಯವಾಣಿ 1930.

ಆಯುಧ ಪೂಜೆಯ ಮಾತಿಲ್ಲದೆ ಈ ಉಪನ್ಯಾಸ ಮುಗಿಸಲಾರೆ. ಪೀಣ್ಯದಲ್ಲಾಗಲಿ ದೊಡ್ಡನೆಕುಂದಿಯಲ್ಲಾಗಲಿ ಆ ದಿನ ಲೇತ್ ಯಂತ್ರಕ್ಕೆ ಏನು ಮಾಡುತ್ತಾರೆ ನೋಡಿದ್ದೀರಾ? ಹಿಂದಿನ ದಿನ ಚೂರುಪಾರು ಗುಡಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಿಟ್ಟು, ಬೋಲ್ಟು ಬಿಗಿ ಮಾಡಿ, ಆಮೇಲೆ ಅರಿಶಿನ ಕುಂಕುಮ. ಪೂಜೆಗೆ ಮುಂಚಿನ ಆ ಕೆಲಸವೇ ವರ್ಷದ ಸರ್ವೀಸು. ಕಂಪ್ಯೂಟರಿಗೆ ಮಾತ್ರ ನೇರ ಕುಂಕುಮ, ಅದೂ ಚಾಲೂ ಇರುವಾಗ, ಗಾಳಿ ಒಳಗೆಳೆಯುವ ಜಾಲರಿಯ ಮೇಲೆಯೇ. ವಿಜಯದಶಮಿ ಕಳೆದ ವಾರ ನಾನು ಬಿಚ್ಚುವ ಫ್ಯಾನುಗಳ ರೆಕ್ಕೆ ಕೆಂಪಗಿರುತ್ತದೆ. ಮೆಟ್ರೊ ಕಾಮಗಾರಿಯ ಧೂಳು ಅದರ ಜೊತೆ ಸೇರಿ ಕಂಬಳಿಯಾಗಿರುತ್ತದೆ. ಹಿಂದಿನ ದಿನ ಪ್ಲಗ್ ತೆಗೆದು, ಪಕ್ಕದ ಮುಚ್ಚಳ ಬಿಚ್ಚಿ, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಬ್ಲೋವರ್ ಹೊಡೆಯಿರಿ. ಕುಂಕುಮ ಮುಂದಿನ ಪ್ಲಾಸ್ಟಿಕ್ಕಿಗಿರಲಿ. ದೇವರಿಗೆ ಅಡ್ಡಿಯಿಲ್ಲ.

ಕೊನೆಯದಾಗಿ, ನನ್ನದೇ ಹಳಸಿದ ನಿಜ. ಎಷ್ಟೋ ವರ್ಷ ಗಿರಾಕಿಗಳಿಗೆ ನಾನು ಕೊಟ್ಟ ಸಮಾಧಾನ ಇದು: "ಬೋರ್ಡ್ ಹೋದರೆ ಹೋಗಲಿ, ಡಿಸ್ಕ್ ಇದೆಯಲ್ಲ. ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲ ಸಿಗುತ್ತೆ." ಅದು ನಿಜವಾಗಿತ್ತು. ಈಚೆಗೆ ಮಾರತ್ತಹಳ್ಳಿ ಸೇತುವೆ ಹತ್ತಿರದ ಒಂದು ಬಟ್ಟೆ ಅಂಗಡಿಯ ಲ್ಯಾಪ್‌ಟಾಪು ಸತ್ತಿತು. ವಿಂಡೋಸ್ 11, ಎರಡು ವರ್ಷದ್ದು. ಬೋರ್ಡ್ ಬದಲಿಸಿದೆ. ನೀಲಿ ಪರದೆ ಬಂದು 48 ಅಂಕಿಯ ಕೀಲಿ ಕೇಳಿತು. ಹೊಸ ಯಂತ್ರಗಳು ಮಾಲೀಕನಿಗೆ ಹೇಳದೆ ಕೇಳದೆ ಡಿಸ್ಕನ್ನು ಗುಪ್ತಲಿಪಿಗೆ ತಿರುಗಿಸಿಡುತ್ತವೆ. ಕದ್ದವನಿಗೆ ಏನೂ ಸಿಗಬಾರದೆಂದು, ಒಳ್ಳೆಯದೇ. ಕೀಲಿ ಮಾತ್ರ ಮೊದಲ ದಿನ ಯಾರ ಮೈಕ್ರೋಸಾಫ್ಟ್ ಖಾತೆ ಹಾಕಿದ್ದರೋ ಅವರ ಬಳಿ ಇರುತ್ತದೆ. ಇಲ್ಲಿ ಹಾಕಿದ್ದು ಅಂಗಡಿಯಲ್ಲಿದ್ದ ಹುಡುಗ, ತನ್ನದೇ ಇಮೇಲು. ಅವನು ಕೆಲಸ ಬಿಟ್ಟು ಹೊಸೂರಿಗೆ ಹೋಗಿದ್ದ, ಸಂಬಳದ ಜಗಳ ಆಡಿಕೊಂಡು.

ಅಂಗಡಿಯಮ್ಮ ಫೋನು ಮಾಡಿದರು. ಮೊದಲು ಎತ್ತಲಿಲ್ಲ. ಮೂರನೇ ಸಲ ಎತ್ತಿದ. "ಚೆನ್ನಾಗಿದ್ದೀಯೇನಪ್ಪಾ" ಎಂದು ಶುರು ಮಾಡಿ, ಬಾಕಿ ಸಂಬಳ ಎಷ್ಟೆಂದು ಕೇಳಿ, ಅಲ್ಲೇ ನಿಂತು ಫೋನ್‌ಪೇ ಮಾಡಿದರು. ಆಮೇಲೆ ಹುಡುಗ ಖಾತೆ ತೆರೆದು ಆರಾರು ಅಂಕಿಯಂತೆ ಎಂಟು ಕಂತಿನಲ್ಲಿ ಓದುತ್ತಾ ಹೋದ, ನಾನು ಒತ್ತುತ್ತಾ ಹೋದೆ. ಐದನೇ ಕಂತಿನಲ್ಲಿ ಒಂಬತ್ತೋ ಆರೋ ಎಂದು ಮತ್ತೆ ಕೇಳಬೇಕಾಯಿತು. ಪರದೆಯ ಮೇಲೆ ಅಂಗಡಿಯ ದೇವರ ಚಿತ್ರ ಬಂದಾಗ ಅಂಗಡಿಯಮ್ಮ ಇನ್ನೂ ಬರೆಯುತ್ತಲೇ ಇದ್ದರು. ಗಲ್ಲಾಪೆಟ್ಟಿಗೆಯ ಅಡಿಯಿಂದ ಕೆಂಪು ರಟ್ಟಿನ ಲೆಕ್ಕದ ಪುಸ್ತಕ ತೆಗೆದು, ಅದರ ಕೊನೆಯ ಪುಟದಲ್ಲಿ, ಮೇಲೆ ಶ್ರೀ ಹಾಕಿ, 48 ಅಂಕಿಗಳನ್ನು ಇಂಕಿನ ಪೆನ್ನಿನಲ್ಲಿ. ಅದಕ್ಕೆ ಗೆದ್ದಲು ಹಿಡಿಯಬಹುದು ಎಂದು ನಾನು ಹೇಳಿದೆ. "ನಾಫ್ತಲೀನ್ ಗುಳಿಗೆ ಇಡ್ತೀನಿ" ಅಂದರು.